ನಲ್ಲಿಯ ದೇಶವೂ ನೀರಿನ ಗುಣವೂ

ಮನೆ ಕಟ್ಟುವವರಲ್ಲಿ ಒಂದು ನಂಬಿಕೆ ಇತ್ತೀಚೆಗೆ ಬಲವಾಗಿ ಬೇರೂರಿದೆ. ನಲ್ಲಿ, ಶವರ್, ವಾಷ್‌ಬೇಸಿನ್ ಮೊದಲಾದವು ಜರ್ಮನಿಯವಾದರೆ ಉತ್ತಮ, ಇಟಲಿಯವಾದರೆ ಸುಂದರ, ಚೀನಾದವಾದರೆ ಕಳಪೆ, ನಮ್ಮ ದೇಶದವಾದರೆ ‘ಪರವಾಗಿಲ್ಲ’ ಎಂಬುದೇ ಆ ನಂಬಿಕೆ. ಸರ್ವಜ್ಞನಗರ ಕ್ಷೇತ್ರದ ಕಮ್ಮನಹಳ್ಳಿ, ಬಾಣಸವಾಡಿ, ಲಿಂಗರಾಜಪುರಗಳಲ್ಲಿ ಹಳೆಯ ಮನೆಗಳು ಉರುಳಿ ಮೂರು-ನಾಲ್ಕು ಅಂತಸ್ತಿನ ಮನೆಗಳು ಏಳುತ್ತಿವೆ. ಅಲ್ಲಿನ ಅಂಗಡಿಗಳಲ್ಲಿ “ಸಾರ್, ಇದು ಜರ್ಮನ್ ಮಾಲು” ಎಂಬ ಒಂದು ಮಾತು ಉಳಿದ ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸಿಬಿಡುತ್ತದೆ. ಗೃಹಪ್ರವೇಶದ ಖರ್ಚಿನಲ್ಲಿ ಗಣನೀಯ ಪಾಲನ್ನು ಈ ಒಂದು ಮಾತಿಗೆ ಒಪ್ಪಿಸುವ ಸದ್ಭಕ್ತರನ್ನು ನಾವು ಬಲ್ಲೆವು.

ಆರೋಗ್ಯ ವಿಭಾಗದಲ್ಲಿ ನಲ್ಲಿಯ ಮಾತೇಕೆ ಎಂದು ಓದುಗರು ಕೇಳಬಹುದು. ನಾವು ಕುಡಿಯುವ ನೀರು ಕೊನೆಯದಾಗಿ ಮುಟ್ಟಿ ಬರುವ ವಸ್ತು ನಲ್ಲಿಯೇ. ಕಾವೇರಿಯಿಂದ ಬಂದ ನೀರನ್ನು ತೊರೆಕಾಡನಹಳ್ಳಿಯಲ್ಲಿ ಎಷ್ಟೇ ಶುದ್ಧಗೊಳಿಸಿ ಕಳುಹಿಸಿದರೂ, ರಾತ್ರಿಯಿಡೀ ಅದು ನಮ್ಮ ಮನೆಯ ಪೈಪು ಮತ್ತು ನಲ್ಲಿಯ ಹೊಟ್ಟೆಯಲ್ಲಿ ನಿಂತಿರುತ್ತದೆ. ಆ ಹೊಟ್ಟೆಯ ಒಳಗೋಡೆಯಲ್ಲಿ ಏನಿದೆ ಎಂಬುದು ನಮ್ಮ ಮನೆಯ ಮಕ್ಕಳಿಗೆ ಸಂಬಂಧಿಸಿದ ವಿಷಯ.

ನಲ್ಲಿಯ ಒಡಲು ಸಾಮಾನ್ಯವಾಗಿ ಹಿತ್ತಾಳೆಯದು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಆದರೆ ಯಂತ್ರದಲ್ಲಿ ಕೊರೆಯಲು, ಮರೆ ತೆಗೆಯಲು ಸುಲಭವಾಗಲೆಂದು ಅದಕ್ಕೆ ನೂರಕ್ಕೆ ಎರಡು-ಮೂರು ಪಾಲು ಸೀಸವನ್ನು ಬೆರೆಸುವ ರೂಢಿ ಪ್ರಪಂಚದಾದ್ಯಂತ ಇದೆ. ಹೊರಗೆ ಕ್ರೋಮಿಯಂ ಲೇಪ ಕನ್ನಡಿಯಂತೆ ಹೊಳೆಯುತ್ತದೆ. ಒಳಗೆ ನೀರು ಮುಟ್ಟುವುದು ಹಿತ್ತಾಳೆಯನ್ನು. ನೀರು ನಿಂತಷ್ಟು ಹೊತ್ತು ಸೀಸ ಸ್ವಲ್ಪ ಸ್ವಲ್ಪವಾಗಿ ಅದರಲ್ಲಿ ಕರಗುತ್ತದೆ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಸೀಸವನ್ನು ಒಪ್ಪುವುದಿಲ್ಲ. ಗಡಸುತನಕ್ಕೆ, ಕರಗಿದ ಲವಣಗಳಿಗೆ ಆ ಮಾನಕದಲ್ಲಿ ಅನಿವಾರ್ಯವಾದಾಗ ಸಡಿಲಿಕೆಯುಂಟು, ಸೀಸಕ್ಕೆ ಇಲ್ಲ. ಸೀಸದ ವಿಷಯದಲ್ಲಿ ನಿರಪಾಯವೆನ್ನಬಹುದಾದ ಮಟ್ಟವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೇ ಮೂಲದಿಂದ ಹೊಟ್ಟೆಗೆ ಹೋದ ಸೀಸವನ್ನು ಎಳೆಯ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ; ಮೆದುಳಿನ ಬೆಳವಣಿಗೆಗೆ ಅದು ಮಾಡುವ ಹಾನಿಯನ್ನು ಮುಂದೆ ಸರಿಪಡಿಸಲಾಗದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯದಲ್ಲಿ ದೇಶವನ್ನೇ ಎಚ್ಚರಿಸುತ್ತ ಬಂದವರು. ಪೆಟ್ರೋಲಿನಿಂದ ಸೀಸ ದೂರವಾದದ್ದು 2000ದಲ್ಲಿ. ಮನೆಯೊಳಗಿನ ಸೀಸದ ಕಡೆಗೆ ನಮ್ಮ ಗಮನ ಇನ್ನೂ ಸಾಲದು.

ನಮ್ಮ ಹಿರಿಯರಿಗೆ ಇದರ ಅರಿವು ಬೇರೊಂದು ರೀತಿಯಲ್ಲಿ ಇತ್ತು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿಸಾರು ಕುದಿಸುತ್ತಿರಲಿಲ್ಲ. ಕಲಾಯಿಯವನು ಬಂದಾಗ ತವರ ಅಪ್ಪಟವೋ ಸೀಸ ಬೆರೆತದ್ದೋ ಎಂದು ಬಾಗಿಲಲ್ಲೇ ನಿಂತು ಜಗಳವಾಡುತ್ತಿದ್ದ ಅಜ್ಜಿಯರು, ತವರ ಯಾವ ಊರಿನದೆಂದು ಕೇಳಿದವರಲ್ಲ.

ಈಗ ದೇಶದ ವಿಚಾರಕ್ಕೆ ಬರೋಣ. ವಿದೇಶಿ ನಲ್ಲಿಯ ವ್ಯಾಮೋಹ ನಮ್ಮ ದಂಡುಪ್ರದೇಶಕ್ಕೆ ಹೊಸದಲ್ಲ. ಕುಕ್ ಟೌನ್, ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್‌ಗಳ ಬಂಗಲೆಗಳ ಕಾಲದಿಂದಲೂ ‘ವಿಲಾಯತಿ’ ಎಂಬ ಮಾತಿಗೆ ಇಲ್ಲಿ ತೂಕ ಹೆಚ್ಚು. ಆ ತೂಕದಲ್ಲಿ ಎಷ್ಟು ಪಾಲು ಸೀಸವಿತ್ತೆಂದು ಕೇಳಿದವರು ವಿರಳ. ಬ್ರಿಟನ್ನಿನಲ್ಲೇ 1970ರ ಸುಮಾರಿನವರೆಗೆ ಕಟ್ಟಿದ ಅಸಂಖ್ಯ ಮನೆಗಳಿಗೆ ನೀರು ಬರುತ್ತಿದ್ದುದು ಸೀಸದ ಕೊಳವೆಗಳಲ್ಲಿ. ‘ಪ್ಲಂಬರ್’ ಎಂಬ ಶಬ್ದವೇ ಸೀಸವನ್ನು ಹೇಳುವ ಲ್ಯಾಟಿನ್ನಿನ ‘ಪ್ಲಂಬಮ್’ನಿಂದ ಬಂದದ್ದು. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲವನ್ನು ಬದಲಾಯಿಸಿ, ಕೊಳವೆಗಳ ಸವಕಳಿ ತಡೆಯುವ ರಾಸಾಯನಿಕವನ್ನು ಸೇರಿಸದೆ ಹೋದದ್ದರಿಂದ ಮನೆಮನೆಯ ನೀರಿಗೆ ಸೀಸ ಇಳಿಯಿತು. ಅದು ಅಗ್ಗದ ಆಮದು ಮಾಲಿನ ಕಥೆಯಲ್ಲ. ಮುಂದುವರಿದ ದೇಶವೊಂದು ತನ್ನ ನೆಲದಲ್ಲೇ ಹೂತಿದ್ದ ಹಳೆಯ ಕೊಳವೆಗಳ ಕಥೆ. ಹಾಂಗ್‌ಕಾಂಗ್‌ನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2015ರಲ್ಲಿ ಸೀಸ ಕಂಡುಬಂದಾಗ ತನಿಖೆ ಬೆರಳು ತೋರಿದ್ದು ಕೊಳವೆಗಳನ್ನು ಬೆಸೆಯಲು ಬಳಸಿದ ಬೆಸುಗೆಯ ಕಡೆಗೆ. ಮಾಲು ಬೇರೆ, ಬೆಸೆದ ಕೈ ಬೇರೆ.

ಇನ್ನು ‘ಜರ್ಮನ್ ಮಾಲು’ ಎಂಬುದರ ಅರ್ಥವಾದರೂ ಏನು? ಗ್ರೋಹೆ ಎಂಬ ಪ್ರಸಿದ್ಧ ಜರ್ಮನ್ ಸಂಸ್ಥೆ 2014ರಿಂದ ಜಪಾನಿನ ಲಿಕ್ಸಿಲ್ ಸಮೂಹಕ್ಕೆ ಸೇರಿದೆ; ಅದರ ಕಾರ್ಖಾನೆಗಳು ಜರ್ಮನಿಯಲ್ಲಿರುವಂತೆ ಪೋರ್ಚುಗಲ್ಲಿನಲ್ಲೂ ಥಾಯ್ಲೆಂಡಿನಲ್ಲೂ ಇವೆ. ತಮಿಳುನಾಡಿನ ರಾಣಿಪೇಟೆಯ ಪ್ಯಾರಿವೇರ್ ಇಂದು ಸ್ಪೇನಿನ ರೋಕಾ ಕಂಪನಿಯದು. ಜಪಾನಿನ ಟೋಟೊ ಗುಜರಾತಿನ ಹಾಲೋಲಿನಲ್ಲಿ ಕಾರ್ಖಾನೆ ನಡೆಸುತ್ತದೆ, ಅಮೆರಿಕದ ಕೊಹ್ಲರ್ ಅದೇ ರಾಜ್ಯದ ಝಗಡಿಯಾದಲ್ಲಿ. ಒಂದೇ ನಲ್ಲಿಯನ್ನು ಬಿಚ್ಚಿ ನೋಡಿದರೂ ಇದೇ ಸಂತೆ: ಒಡಲು ಜಾಮ್‌ನಗರದಲ್ಲೋ ಚೀನಾದ ಕೈಪಿಂಗಿನಲ್ಲೋ ಎರಕವಾದದ್ದು, ಒಳಗಿನ ಸೆರಾಮಿಕ್ ಕಾರ್ಟ್ರಿಜ್ ಹಂಗೇರಿಯದೋ ಸ್ಪೇನಿನದೋ, ಬಾಯಿಯ ಜಾಲರಿ ಜರ್ಮನಿಯದು, ಪೆಟ್ಟಿಗೆಯ ಮೇಲಿನ ಹೆಸರು ಇನ್ನಾವುದೋ. ಹೀಗಿರುವಾಗ ಒಂದು ದೇಶದ ಹೆಸರನ್ನು ಗುಣದ ಪ್ರಮಾಣಪತ್ರವಾಗಿ ಹಿಡಿಯುವುದು, ಮದುವೆಯ ಊಟದ ರುಚಿಯನ್ನು ಛತ್ರದ ಹೆಸರಿನಿಂದ ಅಳೆದಂತೆ.

ದೇಶಕ್ಕೆ ಏನೂ ಅರ್ಥವಿಲ್ಲವೆಂದು ನಾವು ಹೇಳುತ್ತಿಲ್ಲ. ಮಾರಾಟವಾಗುವ ದೇಶದ ಕಾನೂನಿಗೆ ಬಹಳ ಅರ್ಥವಿದೆ. ಅಮೆರಿಕದಲ್ಲಿ 2014ರ ಜನವರಿಯಿಂದ, ಕುಡಿಯುವ ನೀರು ಮುಟ್ಟುವ ಭಾಗಗಳಲ್ಲಿ ಸರಾಸರಿ ಸೀಸ ನೂರಕ್ಕೆ 0.25 ಪಾಲನ್ನು ಮೀರುವಂತಿಲ್ಲ. ಅದಕ್ಕೆ ಮೊದಲು ನೂರಕ್ಕೆ 8 ಪಾಲಿರುವುದನ್ನೂ ‘ಸೀಸರಹಿತ’ವೆಂದೇ ಕರೆಯುತ್ತಿದ್ದರು! ಚೀನಾದ ಕಾರ್ಖಾನೆಯೊಂದು ಅಮೆರಿಕಕ್ಕೆ ಕಳುಹಿಸುವ ನಲ್ಲಿಯನ್ನು ಆ ಮಿತಿಗೆ ತಕ್ಕಂತೆ ಮಾಡಬಲ್ಲದು. ಅಂಥ ಮಿತಿ ಕೇಳದ ಮಾರುಕಟ್ಟೆಗೆ ಗುಜರಿ ಹಿತ್ತಾಳೆಯನ್ನು ಕರಗಿಸಿ ಸುರಿಯಲೂಬಲ್ಲದು. ನಮ್ಮಲ್ಲಿಯೂ ಹಾಗೆಯೇ. ಜಾಮ್‌ನಗರದ ಹಿತ್ತಾಳೆಯ ಉದ್ಯಮ ಬಹುಪಾಲು ಗುಜರಿಯ ಮೇಲೆ ನಿಂತಿದೆ. ಕರಗಿದ ಲೋಹವನ್ನು ಪರೀಕ್ಷಿಸಿ ಎರಕ ಹೊಯ್ಯುವವರೂ ಇದ್ದಾರೆ, ಬಣ್ಣ ನೋಡಿ ಹೊಯ್ಯುವವರೂ ಇದ್ದಾರೆ. ಆದ್ದರಿಂದ ಎಲ್ಲಿ ಮಾಡಿದ್ದು ಎಂಬುದಕ್ಕಿಂತ ಯಾವ ಮಾನಕಕ್ಕೆ ಮಾಡಿದ್ದು ಎಂಬುದೇ ಕೇಳಬೇಕಾದ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ.

ಪಿವಿಸಿ ಪೈಪುಗಳಲ್ಲಿ ಸ್ಥಿರಕಾರಿಯಾಗಿ ಬಳಸುತ್ತಿದ್ದ ಸೀಸವನ್ನು ತೆಗೆಯಲು ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ನಿಯಮಗಳನ್ನು ತಂದಿತು. ಸ್ವಾಗತಾರ್ಹವೇ. ಪೈಪಿಗೆ ತೋರಿದ ಈ ಕಾಳಜಿಯನ್ನು ಅಡುಗೆಮನೆಯ ನಲ್ಲಿಗೂ ತೋರಿ, ಅದರ ಲೋಹದಲ್ಲಿರುವ ಸೀಸದ ಪ್ರಮಾಣವನ್ನು ಪೆಟ್ಟಿಗೆಯ ಮೇಲೆ ಕಡ್ಡಾಯವಾಗಿ ಮುದ್ರಿಸುವಂತಾಗಬೇಕು. ಬಿಸ್ಕತ್ತಿನ ಪೊಟ್ಟಣದ ಮೇಲೆ ಸಕ್ಕರೆಯ ಲೆಕ್ಕ ಓದುವ ತಾಯಂದಿರು ನಲ್ಲಿಯ ಪೆಟ್ಟಿಗೆಯನ್ನೂ ಓದಬಲ್ಲರು.

ಬಾಳಿಕೆಯ ಮಾತು ಬಂದರೆ, ಅಲ್ಲಿ ದೇಶದ ಹೆಸರು ಇನ್ನಷ್ಟು ಸೋಲುತ್ತದೆ. ಯೂರೋಪಿನ ಬಹುತೇಕ ಮಿಕ್ಸರ್ ನಲ್ಲಿಗಳನ್ನು 1ರಿಂದ 5 ಬಾರ್ ಒತ್ತಡದ ನೀರಿಗಾಗಿ ರೂಪಿಸಿರುತ್ತಾರೆ. ನಮ್ಮಲ್ಲಿ ನೀರು ಸಂಪಿನಿಂದ ತಾರಸಿಯ ಟ್ಯಾಂಕಿಗೆ ಏರಿ, ಅಲ್ಲಿಂದ ತನ್ನ ತೂಕದಿಂದಲೇ ಇಳಿಯಬೇಕು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಮೇಲಂತಸ್ತಿನ ಶವರಿಗೂ ಟ್ಯಾಂಕಿಗೂ ನಡುವೆ 3 ಮೀಟರ್ ಸಿಕ್ಕರೆ ಹೆಚ್ಚು, ಅಂದರೆ 0.3 ಬಾರ್. ಮೂವತ್ತು ಸಾವಿರದ ಶವರಿನಿಂದ ನೀರು ತೊಟ್ಟಿಕ್ಕುವುದು ಅದರ ದೋಷವಲ್ಲ. ಅದನ್ನು ತಾರಸಿಯ ಟ್ಯಾಂಕಿಗಾಗಿ ಮಾಡಿರಲಿಲ್ಲ, ಅಷ್ಟೆ. ಕೊನೆಗೆ ಮನೆಯವರು ಪ್ರೆಷರ್ ಪಂಪು ತಂದು ಕೂರಿಸಿ ವಿದ್ಯುತ್ ಬಿಲ್ಲನ್ನೂ ಹೆಚ್ಚಿಸಿಕೊಳ್ಳುತ್ತಾರೆ. ಕಡಿಮೆ ಒತ್ತಡಕ್ಕೆಂದೇ ರೂಪಿಸಿದ ದೇಶೀ ಶವರು ಅಲ್ಲಿ ಹಾಯಾಗಿ ನಡೆಯುತ್ತಿತ್ತು.

ಗಡಸು ನೀರಿನದು ಇನ್ನೊಂದು ಪಾಡು. ಸರ್ವಜ್ಞನಗರದ ಎಷ್ಟೋ ಮನೆಗಳ ಸಂಪಿನಲ್ಲಿ ಕಾವೇರಿ, ಕೊಳವೆಬಾವಿ ಮತ್ತು ಬೇಸಿಗೆಯಲ್ಲಿ ಟ್ಯಾಂಕರಿನ ನೀರು ಒಂದಾಗುತ್ತವೆ. ಅದರ ಸುಣ್ಣದ ಅಂಶ ಮತ್ತು ಮರಳಿನ ಕಣ ಸೆರಾಮಿಕ್ ಬಿಲ್ಲೆಗಳ ನಡುವೆ ಸೇರಿ ಎಂಥ ನಲ್ಲಿಯನ್ನಾದರೂ ಬಿಗಿಗೊಳಿಸುತ್ತವೆ. ಆಗ ಬೇಕಾಗುವುದು ಹೊಸ ಕಾರ್ಟ್ರಿಜ್. ಸಾಮಾನ್ಯ ಅಳತೆಯಾದ 35 ಅಥವಾ 40 ಮಿಲಿಮೀಟರಿನದಾದರೆ ಎಸ್.ಜೆ.ಪಿ. ರಸ್ತೆಯಲ್ಲಿ ಅದೇ ದಿನ ಸಿಕ್ಕೀತು. ಅಪರೂಪದ ಆಮದು ಮಾದರಿಯಾದರೆ ತಿಂಗಳುಗಟ್ಟಲೆ ಬಕೆಟ್ಟು ಹಿಡಿಯಬೇಕು. ನಲ್ಲಿ ಕೊಳ್ಳುವಾಗ ‘ಇದರ ಕಾರ್ಟ್ರಿಜ್ ಬಿಡಿಯಾಗಿ ಇಲ್ಲೇ ಇದೆಯೇ, ತೋರಿಸಿ’ ಎಂದು ಕೇಳಿದವರು ಜಾಣರು. 2024ರ ಮಾರ್ಚಿನ ನೀರಿನ ಬರದಲ್ಲಿ ಜಲಮಂಡಳಿಯು ವಾಣಿಜ್ಯ ಸಂಸ್ಥೆ, ಹೋಟೆಲು ಮೊದಲಾದೆಡೆ ನಲ್ಲಿಗಳಿಗೆ ಏರೇಟರ್ ಜಾಲರಿಯನ್ನು ಕಡ್ಡಾಯ ಮಾಡಿತು. ನೀರು ಉಳಿಸಲು ಅದು ಒಳ್ಳೆಯದೇ. ಆದರೆ ಲೋಹದ ಚೂರು, ಕಸ, ಪಾಚಿ ಸೇರುವುದೂ ಅಲ್ಲಿಯೇ. ತಿಂಗಳಿಗೊಮ್ಮೆ ಬಿಚ್ಚಿ, ನಿಂಬೆರಸದ ನೀರಿನಲ್ಲಿ ನೆನೆಸಿ ತೊಳೆಯಬೇಕು. ಮಠಗಳ ದಾಸೋಹದ ಅಡುಗೆಮನೆಗಳಿಗೂ ಈ ಮಾತು ಸಲ್ಲುತ್ತದೆ.

ಅಂಗಡಿಯ ಪರೀಕ್ಷೆಗಳನ್ನು ಅತಿಯಾಗಿ ನಂಬಬೇಡಿರಿ. ಆಯಸ್ಕಾಂತ ಹಿಡಿದು ತೋರಿಸುವುದುಂಟು. ಹಿತ್ತಾಳೆಗೂ ಅಗ್ಗದ ಸತುವಿನ ಮಿಶ್ರಲೋಹಕ್ಕೂ ಆಯಸ್ಕಾಂತ ಅಂಟುವುದಿಲ್ಲ. ಉತ್ತಮವಾದ 304 ದರ್ಜೆಯ ಸ್ಟೀಲನ್ನೂ ಬೇಗ ತುಕ್ಕು ಹಿಡಿಯುವ 202 ದರ್ಜೆಯದನ್ನೂ ಅದು ಬೇರ್ಪಡಿಸಲಾರದು. ತೂಕವೂ ಅರ್ಧಸಾಕ್ಷಿ ಮಾತ್ರ. ಐಎಸ್‌ಐ ಗುರುತು ಇದ್ದರೆ ಅದರೊಡನೆ ಮುದ್ರಿತವಾದ ಸಿಎಂ/ಎಲ್ ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿದರೆ, ಪರವಾನಗಿ ಯಾರಿಗೆ, ಯಾವ ವಸ್ತುವಿಗೆ ಎಂಬುದು ಕಾಣುತ್ತದೆ.

ಹಳೆಯ ನಲ್ಲಿಗಳನ್ನು ಇಂದೇ ಕಿತ್ತೆಸೆಯಬೇಕೆಂದು ನಾವು ಹೇಳುವುದಿಲ್ಲ. ಬೆಳಗಿನ ಮೊದಲ ನೀರನ್ನು ಕುಡಿಯಲು, ಅಡುಗೆಗೆ, ಮುಖ್ಯವಾಗಿ ಹಸುಗೂಸಿನ ಹಾಲಿಗೆ ಬಳಸದೆ, ಒಂದು ಚೊಂಬು ಹಿಡಿದು ಗಿಡಕ್ಕೋ ನೆಲ ಒರೆಸಲೋ ಇಟ್ಟುಕೊಂಡರೆ ನೀರೂ ಪೋಲಾಗದು. ಗೀಸರಿನ ಬಿಸಿನೀರನ್ನು ಅನ್ನಕ್ಕೆ ಎಸರಿಡುವ ಅಭ್ಯಾಸ ಬಿಡಬೇಕು. ಬಿಸಿನೀರು ಸೀಸವನ್ನು ಹೆಚ್ಚು ಕರಗಿಸುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಸೀಸ ಹೋಗದು. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಆರ್‌ಒ ಯಂತ್ರ ಸೀಸವನ್ನು ತಡೆಯುತ್ತದೆ, ನಿಜ. ಆದರೆ ಆ ಮೃದುವಾದ ನೀರನ್ನು ಮತ್ತೆ ಹಿತ್ತಾಳೆಯ ನಲ್ಲಿಯಿಂದ ಹರಿಸಿದರೆ ಅದು ಲೋಹವನ್ನು ಇನ್ನಷ್ಟು ಹಸಿವಿನಿಂದ ಕರಗಿಸುತ್ತದೆ.

ಅನುಮಾನವಿದ್ದವರು ನೀರನ್ನೇ ಪರೀಕ್ಷಿಸುವುದು ಮೇಲು. ಪ್ರಯೋಗಾಲಯಗಳ ಸಾಮಾನ್ಯ ಪಟ್ಟಿಯಲ್ಲಿ ಗಡಸುತನ, ಲವಣ, ಕಬ್ಬಿಣ, ಸೂಕ್ಷ್ಮಾಣುಗಳು ಇರುತ್ತವೆ. ಸೀಸವನ್ನು ಹೆಸರಿಟ್ಟು ಕೇಳಬೇಕು. ರಾತ್ರಿ ಮಲಗುವ ಮುನ್ನ ನಲ್ಲಿ ಮುಚ್ಚಿ, ಬೆಳಿಗ್ಗೆ ಯಾರೂ ನೀರು ಬಳಸುವ ಮೊದಲು ಪ್ರಯೋಗಾಲಯದವರು ಕೊಟ್ಟ ಸೀಸೆಯಲ್ಲಿ ಮೊದಲ ನೀರನ್ನು ಹಿಡಿಯಬೇಕು. ಎರಡು-ಮೂರು ನಿಮಿಷ ಹರಿಯಬಿಟ್ಟು, ಆ ನೀರನ್ನು ಬಕೆಟ್ಟಿಗೆ ತುಂಬಿಕೊಂಡು, ಎರಡನೆಯ ಸೀಸೆಯನ್ನು ಹಿಡಿಯಬೇಕು. ಮೊದಲನೆಯದರಲ್ಲಿ ಸೀಸ ಹೆಚ್ಚಿದ್ದು ಎರಡನೆಯದರಲ್ಲಿ ಇಲ್ಲವಾದರೆ ತಪ್ಪು ನಲ್ಲಿಯದು ಅಥವಾ ಅದರ ಸಮೀಪದ ಜೋಡಣೆಯದು. ಎರಡರಲ್ಲೂ ಇದ್ದರೆ ನಲ್ಲಿ ಬದಲಿಸಿ ಫಲವಿಲ್ಲ. ಪೈಪು, ಟ್ಯಾಂಕು, ಸಂಪುಗಳ ಕಡೆಗೆ ಹುಡುಕುತ್ತ ಹೋಗಬೇಕು.