ಹೊಂದಿಕೆಯ ಹೊಣೆ ಯಾರದು?

ಅಫಜಲಪುರ ತಾಲ್ಲೂಕಿನ ಕರಜಗಿಯಂಥ ಊರಿನ ಹುಡುಗನೋ ಹುಡುಗಿಯೋ ವಿದ್ಯಾರ್ಥಿ ವಿನಿಮಯದ ಮೇಲೆ ಒಂದು ವರ್ಷ ಪರದೇಶಕ್ಕೆ ಹೊರಟರೆ, ಹಿರಿಯರೆಲ್ಲ ಹೇಳಿ ಕಳಿಸುವುದು ಎರಡೇ ಮಾತು: ಇಂಗ್ಲಿಷ್ ಗಟ್ಟಿ ಮಾಡಿಕೋ, ಅಲ್ಲಿಯವರ ಜೊತೆ ಹೊಂದಿಕೊಂಡು ಹೋಗು. ಪರದೇಶದ ಬಾಳಿಗೆ ಭಾಷೆಯೇ ದೊಡ್ಡ ತೊಡಕು, ಹೊಂದಿಕೊಳ್ಳುವ ಹೊಣೆ ಹೋದವರದೇ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಎರಡನ್ನೂ ಮರುವಿಚಾರ ಮಾಡಬೇಕಾಗಿದೆ.

ಮೊದಲು ಭಾಷೆಯ ವಿಷಯ. ಕರಜಗಿ ಸೀಮೆಯಿಂದ ಗಡಿ ದಾಟಿದರೆ ಅಕ್ಕಲಕೋಟೆ, ಅದರಾಚೆ ಸೋಲಾಪುರ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಓಣಿಯಲ್ಲಿ ದಖ್ಖನಿ ಕೇಳಿ ಬೆಳೆದವರು ಇಲ್ಲಿಯ ಜನ. 1948ರ ಸೆಪ್ಟೆಂಬರ್ 17ರವರೆಗೆ ಈ ನಾಡು ನಿಜಾಮರ ಆಳ್ವಿಕೆಯಲ್ಲಿತ್ತು. ಸರ್ಕಾರದ ಭಾಷೆ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲೇ ಪಾಠ ಹೇಳಿತು. ಜೋಳದ ಹೊಲದಿಂದ ಹೈದರಾಬಾದಿಗೆ ಓದಲು ಹೋದ ಕನ್ನಡದ ಹುಡುಗರು ಮನೆಯ ಮಾತಲ್ಲದ ಮಾತಿನಲ್ಲಿ ವಿದ್ಯೆ ಕಲಿತು ಬಂದರು. ಹೊಸ ಭಾಷೆಗೆ ಕಿವಿಗೊಡುವ ಅಭ್ಯಾಸ ಈ ನೆಲಕ್ಕೆ ಹೊಸದಲ್ಲ. ಆರೆಂಟು ತಿಂಗಳಲ್ಲಿ ನಾಲಿಗೆ ಹೊರಳುತ್ತದೆ.

ಕಷ್ಟ ಇರುವುದು ದಿನದ ಬಾಳಿನಲ್ಲಿ. ಜರ್ಮನಿಯನ್ನೇ ತೆಗೆದುಕೊಳ್ಳಿ. ಮನೆಗೆ ಸೇರಿದ ಎರಡು ವಾರದೊಳಗೆ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಹಿಟ್ಟು, ಹಾಲು ತಂದಿಡದವರು ಪರದಾಡಬೇಕು. ಕಸವನ್ನು ಬೇರೆಬೇರೆ ಡಬ್ಬಿಗೆ ಹಾಕಬೇಕು. ಡಿಸೆಂಬರಿನಲ್ಲಿ ನಾಲ್ಕು ಗಂಟೆಯ ಸುಮಾರಿಗೆ ಕತ್ತಲಾಗುತ್ತದೆ. ಇದಕ್ಕಿಂತ ಹೆಚ್ಚಾಗಿ, ‘ಊಟ ಆಯ್ತೇನ್ರಿ’ ಎಂದು ದಾರಿಯಲ್ಲಿ ಕೇಳುವವರು ಯಾರೂ ಇಲ್ಲ. ನಮ್ಮ ಊರುಗಳಲ್ಲಿ ಈ ಪ್ರಶ್ನೆ ಗುರುತಿಲ್ಲದವರಿಗೂ ಸಲ್ಲುತ್ತದೆ. ಅದು ನಿಂತುಹೋದಾಗ ಎಳೆಯರ ಮನಸ್ಸಿಗೆ ತಾನು ಯಾರಿಗೂ ಬೇಡವಾದೆ ಎನಿಸುವುದು ಸಹಜ.

ಇದನ್ನು ತಡೆದುಕೊಳ್ಳುವ ತರಬೇತಿಯನ್ನು ನಾವು ಮಕ್ಕಳಿಗೆ ಅರ್ಧ ಮಾತ್ರ ಕೊಡುತ್ತೇವೆ, ಅದೂ ಹಂಚಿ ಕೊಡುತ್ತೇವೆ. ಗಂಡುಮಗ ಸೋಲಾಪುರಕ್ಕೆ ಒಬ್ಬನೇ ಹೋಗಿ ಬರುತ್ತಾನೆ, ಬ್ಯಾಂಕಿನಲ್ಲಿ ಮಾತಾಡುತ್ತಾನೆ. ಆದರೆ ರೊಟ್ಟಿ ಬಡಿಯಲು, ತನ್ನ ಅಂಗಿ ತಾನೇ ಒಗೆಯಲು ಬಾರದು. ಹೆಣ್ಣುಮಗಳಿಗೆ ಒಲೆಯ ಕೆಲಸವೆಲ್ಲ ಗೊತ್ತು. ಆದರೆ ಕಚೇರಿಯ ಮೆಟ್ಟಿಲು ಹತ್ತಿ ತನ್ನ ಕೆಲಸ ತಾನು ಕೇಳಿ ಮಾಡಿಸಿಕೊಳ್ಳಲು ಬಿಟ್ಟಿರುವುದಿಲ್ಲ. ಪರದೇಶದಲ್ಲಿ ಇಬ್ಬರಿಗೂ ಎರಡೂ ಬೇಕು. ಅಲ್ಲಿ ತಬ್ಬಿಬ್ಬಾಗುವ ಮಗುವಿನ ಕೊರತೆ ಬುದ್ಧಿಯದಲ್ಲ, ನಮ್ಮ ಸಾಕಣೆಯದು.

ಇನ್ನೊಂದು ಅಡ್ಡಿ ಕೈಯಲ್ಲಿರುವ ಫೋನು. 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ವಿ.ಕೃ. ಗೋಕಾಕರ ಕಾಲದಲ್ಲಿ ಹಡಗಿನ ಪಯಣವೇ ವಾರಗಟ್ಟಲೆ ಹಿಡಿಯುತ್ತಿತ್ತು. ಈಗ ಚಳಿಗಾಲದಲ್ಲಿ ಜರ್ಮನಿಗೆ ಸಂಜೆ ಆರಾದಾಗ ಇಲ್ಲಿ ರಾತ್ರಿ ಹತ್ತೂವರೆ. ತಾಯಿ ನಿದ್ದೆಗೆಟ್ಟು ವಿಡಿಯೊ ಕರೆಗೆ ಕಾಯುತ್ತಾಳೆ. ಈ ಅಕ್ಕರೆ ದೊಡ್ಡದು. ಆದರೆ ದಿನದ ಸಂಜೆಯೆಲ್ಲ ಮನೆಯವರೊಡನೆ ಮಾತಿನಲ್ಲಿ ಕಳೆದರೆ ಪಕ್ಕದ ಕೋಣೆಯವರ ಪರಿಚಯ ಆಗುವುದು ಯಾವಾಗ? ವಾರಕ್ಕೆರಡು ಕರೆ ಸಾಕು ಎಂದು ತಂದೆತಾಯಿಯೇ ಹೇಳುವುದು ಮಗುವಿಗೆ ಉಪಕಾರ.

ಎರಡನೆಯ ನಂಬಿಕೆ, ಹೊಂದಿಕೊಳ್ಳುವ ಹೊಣೆ ಬಂದವರದೇ ಎಂಬುದು. ಎರಡನೆಯ ಮಹಾಯುದ್ಧದ ನಂತರ, 1947ರಲ್ಲಿ, ಅಮೆರಿಕದ ಎಎಫ್‌ಎಸ್ ಸಂಸ್ಥೆ ವಿದ್ಯಾರ್ಥಿ ವಿನಿಮಯ ಶುರುಮಾಡಿತು. ಅದನ್ನು ಕಟ್ಟಿದವರು ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಸಾಗಿಸಿದ್ದ ಆಂಬುಲೆನ್ಸ್ ಸ್ವಯಂಸೇವಕರು. ಪರದೇಶದ ಮಗುವನ್ನು ಒಂದು ಕುಟುಂಬ ತನ್ನ ಮನೆಯಲ್ಲಿಟ್ಟುಕೊಳ್ಳುವುದು ಅದರ ಜೀವಾಳ. ಮನೆ ಬಾಗಿಲು ತೆರೆಯದೆ ವಿನಿಮಯವೇ ಇಲ್ಲ. ಕನ್ನಡ ನಾಡಿಗೂ ಇಂಥದೊಂದು ರೂಢಿ ಗೊತ್ತಿತ್ತು. ವಾರಾನ್ನದ ಹುಡುಗ ದಿನಕ್ಕೊಂದು ಮನೆಯಲ್ಲಿ ಉಂಡು ಓದು ಮುಗಿಸಿದ. ಆದರೆ ಆ ಬಾಗಿಲು ಜಾತಿ ಕೇಳಿಯೇ ತೆರೆಯುತ್ತಿತ್ತು.

ಜಾತಿ ಕೇಳುವ ಬಾಗಿಲು ಏನು ಮಾಡಬಲ್ಲದು ಎಂಬುದಕ್ಕೆ ಅಂಬೇಡ್ಕರರ ಬದುಕೇ ಸಾಕ್ಷಿ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ವರ್ಣಭೇದ ಅಲ್ಲಿಯೂ ಇತ್ತು. ಆದರೂ ವಿದ್ಯಾರ್ಥಿ ನಿಲಯದಲ್ಲಿ ಕೋಣೆ ಸಿಕ್ಕಿತು, ಸಹಪಾಠಿಗಳೊಡನೆ ಕೂತು ಉಣ್ಣುವುದು ಸಾಧ್ಯವಾಯಿತು. 1917ರಲ್ಲಿ ನೌಕರಿಗೆಂದು ಬರೋಡಾಕ್ಕೆ ಬಂದಾಗ ಇರಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹ ಸೇರಿದರೆ ಅಲ್ಲಿಂದಲೂ ಹೊರದಬ್ಬಿದರು. ಪರದೇಶ ಮತ್ತು ಸ್ವದೇಶ ಎಂಬುದನ್ನು ನಕಾಶೆ ತೀರ್ಮಾನಿಸುವುದಿಲ್ಲ, ಬಾಗಿಲು ತೀರ್ಮಾನಿಸುತ್ತದೆ.

ಇದು ನೂರು ವರ್ಷದ ಹಿಂದಿನ ಮಾತು ಎಂದು ಸುಮ್ಮನಾಗುವಂತಿಲ್ಲ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದೆಳೆದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ. ಮೈಬಣ್ಣವೇ ಗುಂಪಿಗೆ ಸಾಕಾಯಿತು. ನಮ್ಮ ಮಕ್ಕಳಿಗೆ ಲಂಡನ್ನಿನಲ್ಲೋ ಮೆಲ್ಬರ್ನಿನಲ್ಲೋ ಅವಮಾನವಾದರೆ ಸಿಟ್ಟಾಗುವ ನಾವು ಈ ಘಟನೆಯನ್ನು ಮರೆಯಬಾರದು.

ಅತಿಥಿಯನ್ನು ಸಾಕಿ ಗೊತ್ತಿಲ್ಲದ ಮನೆಯ ಮಗು ಅತಿಥಿಯಾಗಿ ಬಾಳಲು ಕಷ್ಟಪಡುತ್ತದೆ. ಹೊರಗಿನ ಹುಡುಗನೊಬ್ಬನಿಗೆ ಮನೆಯಲ್ಲಿ ಉಣಬಡಿಸಿದ ಮಗುವಿಗೆ ಅವನ ಮೌನ ಸೊಕ್ಕಲ್ಲ ಎಂಬುದು, ತಾಟಿನಲ್ಲಿ ಪುಂಡಿಪಲ್ಯ ಬಿಟ್ಟದ್ದು ಅವಮಾನವಲ್ಲ ಎಂಬುದು, ಗೊತ್ತಿಲ್ಲದ್ದನ್ನು ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ ಎಂಬುದು ತಿಳಿದಿರುತ್ತದೆ. ನಾಳೆ ತಾನೇ ಪರಸ್ಥಳದಲ್ಲಿ ನಿಂತಾಗ ಆ ತಿಳಿವಳಿಕೆ ಕೈ ಹಿಡಿಯುತ್ತದೆ.

ಹೊರಗೆ ಹೋದವರು ನಮ್ಮವರಾಗಿ ಉಳಿಯುತ್ತಾರೆಯೇ ಎಂಬ ಆತಂಕ ಉಂಟು. 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದ ಯು.ಆರ್. ಅನಂತಮೂರ್ತಿ ಅಲ್ಲಿ ಕೂತು ಬರೆದದ್ದು ಮಲೆನಾಡಿನ ಅಗ್ರಹಾರದ ಕಥೆಯಾದ ‘ಸಂಸ್ಕಾರ’ವನ್ನು. ದೂರ ನಿಂತಾಗ ಸ್ವಂತ ಊರಿನ ಒಳಿತು ಕೆಡಕು ಎರಡೂ ನಿಚ್ಚಳವಾಗಿ ಕಂಡಾವು. ಕಂಡದ್ದನ್ನು ಹೊತ್ತು ಮರಳಿದವರು ಊರಿಗೆ ಪ್ರಶ್ನೆ ಕೇಳಿದರೆ ನಾವು ಅದಕ್ಕೂ ಸಿದ್ಧರಿರಬೇಕು.

ಕೆಲಸ ಶುರುಮಾಡಲು ಯಾವ ವೀಸಾ ಬೇಡ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಪಕ್ಕದ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಕನ್ನಡ ಬಾರದ, ಜೋಳದ ರೊಟ್ಟಿ ಮುರಿಯಲು ತಿಳಿಯದ ಎಷ್ಟೋ ಮಕ್ಕಳು ದೂರದ ರಾಜ್ಯಗಳಿಂದ ಅಲ್ಲಿಗೆ ಬಂದು ಓದುತ್ತಾರೆ. ಎಳ್ಳ ಅಮಾವಾಸ್ಯೆಗೆ ನಾವೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಂಧುಬಳಗದೊಡನೆ ಸಜ್ಜಿ ಕಡುಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಉಣ್ಣುತ್ತೇವೆ. ಈ ಸಲ ಅಂಥ ಇಬ್ಬರು ಮಕ್ಕಳನ್ನು, ಜಾತಿ ಧರ್ಮ ಕೇಳದೆ, ಆ ಪಂಕ್ತಿಗೆ ಕರೆಯಿರಿ. ಬಡಿಸುವ ಕೆಲಸ ಮನೆಯ ಗಂಡುಮಕ್ಕಳಿಗೆ ಕೊಡಿ, ಅತಿಥಿಗಳನ್ನು ಬಸ್ಸಿಳಿಸಿಕೊಂಡು ಬರುವ ಕೆಲಸ ಹೆಣ್ಣುಮಕ್ಕಳಿಗೆ ಕೊಡಿ. ಮಕ್ಕಳನ್ನು ಪರದೇಶಕ್ಕೆ ಸಿದ್ಧಮಾಡಲು ಇದಕ್ಕಿಂತ ಒಳ್ಳೆಯ ಪಾಠ ಯಾವ ತರಬೇತಿ ಕೇಂದ್ರದಲ್ಲೂ ಸಿಗಲಾರದು.