ಕತೆಗಾರನೊಬ್ಬನೇ ಸಾಕೇ?

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಹರಿದ ಮುತ್ತಿನ ಹಾರ, ದಾರಿಯಲ್ಲಿ ಸಿಕ್ಕ ಹಣದ ಚೀಲ: ಅವನ ಎಷ್ಟೋ ಲೆಕ್ಕಗಳು ಪುಟ್ಟ ಕತೆಗಳೇ. ಶಾಸ್ತ್ರವೂ ಕಲ್ಪನೆಯೂ ಹೀಗೆ ಕೂಡಿ ಬಾಳಿದ ನಾಡಿನಲ್ಲಿ ವೈಜ್ಞಾನಿಕ ಕತೆ ಮಾತ್ರ ಒಂಟಿ ಮರವಾಗಿ ಉಳಿದದ್ದೇಕೆ?

ಬರೆಯುವವರಿಲ್ಲ ಎಂದರೆ ಸಲ್ಲದು. ರಾಜಶೇಖರ ಭೂಸನೂರಮಠರು ಬಹುಕಾಲ ಇದನ್ನೇ ಬರೆದರು. ಓದುವವರಿಲ್ಲ ಎಂದರೂ ಸಲ್ಲದು. ವಿಜ್ಞಾನಿಯೊಬ್ಬನನ್ನು ನಡುವೆ ನಿಲ್ಲಿಸಿದ ತೇಜಸ್ವಿಯವರ ‘ಕರ್ವಾಲೊ’ವನ್ನು ಜನ ಇಂದಿಗೂ ಕೊಂಡು ಓದುತ್ತಾರೆ. ಇಲ್ಲದ್ದು ಇಂಥ ಕತೆಗಾಗಿಯೇ ಕಾದು ಕೂತ ಸಂಪಾದಕ.

ಫ್ರೆಂಚ್ ಭಾಷೆಯ ಜೂಲ್ಸ್ ವರ್ನ್‌ಗೆ ಪ್ರಕಾಶಕ ಎಟ್ಸೆಲ್ ಇದ್ದ. ಒಂದು ಕಾದಂಬರಿಯನ್ನು ಒಲ್ಲೆನೆಂದು ತಿರುಗಿಸಿದವನೂ ಅವನೇ, ಉಳಿದ ಹಲವನ್ನು ತನ್ನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಮನೆಮನೆಗೆ ಮುಟ್ಟಿಸಿದವನೂ ಅವನೇ. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಆಡುವವರು ಇಂಗ್ಲಿಷ್ ಕಡಲಿನ ನಡುವಣ ದ್ವೀಪದಂತಿದ್ದಾರೆ. ಅಲ್ಲಿ 1974ರಲ್ಲಿ ಹುಟ್ಟಿದ ವೈಜ್ಞಾನಿಕ ಕತೆಗಳ ಸಣ್ಣ ಪತ್ರಿಕೆ ಮುಂದೆ ‘ಸೊಲಾರಿಸ್’ ಆಯಿತು. ಎಲಿಜಬೆತ್ ವೊನಾರ್ಬುರ್ ತಾವೂ ಬರೆಯುತ್ತ, ಅದಕ್ಕೆ ಬಂದ ಪರರ ಕತೆಗಳನ್ನೂ ಆರಿಸಿ ತಿದ್ದಿದರು. ಬಂಗಾಳಿಯಲ್ಲಿ 1963ರಲ್ಲೇ ಅದ್ರೀಶ್ ಬರ್ಧನ್ ಇಂಥದೇ ‘ಆಶ್ಚರ್ಯ’ ಪತ್ರಿಕೆ ತೆಗೆದರು.

ನಮ್ಮಲ್ಲೂ ಪತ್ರಿಕೆಗಳು ಇದ್ದವು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರ ‘ವಿಜ್ಞಾನ’, 1978ರಿಂದ ‘ಬಾಲ ವಿಜ್ಞಾನ’. ಅವುಗಳ ಹೊಣೆ ತಿಳಿವಳಿಕೆ ಕೊಡುವುದು; ಕತೆ ಅಲ್ಲಿ ನೆಂಟ. ವಾರಪತ್ರಿಕೆಗೆ ಹೋದರೆ ಅದು ಸಂಸಾರದ ಕತೆಗಳ ಸಾಲಿನಲ್ಲಿ ನಿಲ್ಲಬೇಕು. ಭಾಷೆ ಸೊಗಸಾಗಿದೆಯೇ ಎಂದು ನೋಡುವವರು ಅಲ್ಲಿದ್ದಾರೆ, ಭೌತಶಾಸ್ತ್ರ ಕುಂಟುತ್ತಿದೆ ಎನ್ನುವವರು ಸಿಗುವುದು ಅಪರೂಪ.

ಈಗ ಮೊಬೈಲಿದೆ, ಪತ್ರಿಕೆಯ ಹಂಗೇಕೆ ಎನ್ನಬಹುದು. ಮೊಬೈಲು ಕತೆಯನ್ನು ಹಂಚುತ್ತದೆ, ತಿದ್ದುವುದಿಲ್ಲ. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ 1058ರ ಶಾಸನ ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ, ಎಂದರೆ ಗ್ರಂಥಪಾಲಕರನ್ನೂ, ಹೆಸರಿಸುತ್ತದೆ. ವಿದ್ಯೆ ಹೇಳುವವರಿದ್ದರೆ ಸಾಲದು, ಅದನ್ನು ಕಾಯುವವರಿಗೂ ಅನ್ನ ಹಾಕಬೇಕೆಂದು ಅಂದಿನವರು ಬಲ್ಲರು.

ದೊಡ್ಡ ಬಂಡವಾಳವೇನೂ ಬೇಡ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ಒಂದು ಕಥಾಸ್ಪರ್ಧೆ ಇಟ್ಟಿತು. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಬೇರೆ ಹೆಸರಿನಲ್ಲಿ ಕತೆ ಕಳಿಸಿದರು, ಮರಾಠಿಗೊಬ್ಬ ಕತೆಗಾರ ದಕ್ಕಿದ. ನಮ್ಮ ಶಹಾಬಾದಿನ ಫರ್ಸಿ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳ. ಅದರ ಮೇಲೆ ಕೂತು ಕತೆ ಕಟ್ಟುವ ಹುಡುಗಿ ವಾಡಿಯಲ್ಲೋ ಚಿಂಚೋಳಿಯಲ್ಲೋ ಇದ್ದಾಳು. ಅವಳ ಲಕೋಟೆಗೆ ಬರೆಯಲು ಒಂದು ವಿಳಾಸ ಬೇಕು.