ಕಾದಂಬರಿಯೂ ಮನೆಯ ಪಾಠವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಈಗ ಇಲ್ಲಿ ಕಲಿಯುತ್ತಿರುವ ಹುಡುಗಿಯರ ತಾಯಿತಂದೆಗಳಿಗೂ ಒಂದು ವಿಷಯವನ್ನು ಅರಿಕೆ ಮಾಡಿಕೊಳ್ಳಬೇಕೆಂದು ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿತ್ತು. ಈ ಸ್ಮರಣ ಸಂಚಿಕೆಯು ಅದಕ್ಕೆ ತಕ್ಕ ಸಂದರ್ಭವನ್ನು ಒದಗಿಸಿದೆ. ಶಾಲೆಯಲ್ಲಿ ಹುಡುಗಿಯರಿಗೆ ಕಾದಂಬರಿಯೊಂದನ್ನು ಓದಲು ಕೊಟ್ಟಾಗ, ಅದರ ಸಂಗಡ ಮನೆಯಲ್ಲಿ ಮಾಡತಕ್ಕ ಕೆಲಸವನ್ನೂ ಕೊಡುವದು ವಾಡಿಕೆ. ಆ ಕೆಲಸವು ಹೇಗಿರಬೇಕು, ಅದರಲ್ಲಿ ಮನೆಯವರ ಪಾಲು ಎಷ್ಟು ಎಂಬದೇ ನಮ್ಮ ವಿಷಯವು.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಮಗಳಿಗೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಓದಿ, ಅದಕ್ಕೆ ಸಂಬಂಧಪಟ್ಟ ವಸ್ತುವೊಂದನ್ನು ಮಾಡಿಕೊಂಡು ಬರಲು ಹೇಳಿದ್ದರು. ನಾವು ಅಂಗಡಿಯಿಂದ ಥರ್ಮೋಕೋಲಿನ ಹಲಗೆಯನ್ನೂ ಬಣ್ಣದ ಕಾಗದವನ್ನೂ ತಂದು, ರಾತ್ರಿ ಹನ್ನೊಂದರ ತನಕ ಕುಳಿತು ಅಂದವಾದ ಗುಡಿಸಲೊಂದನ್ನು ಕಟ್ಟಿದೆವು. ಮಗಳು ಅಷ್ಟರೊಳಗೆ ನಿದ್ದೆ ಹೋಗಿದ್ದಳು. ಗುಡಿಸಲಿಗೆ ಬಹುಮಾನ ಬಂತು. ಒಂದು ವಾರದ ಮೇಲೆ, ಚೋಮನಿಗೆ ಎತ್ತುಗಳಿದ್ದರೂ ಅವನು ಯಾಕೆ ಬೇಸಾಯ ಮಾಡಲಿಲ್ಲವೆಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಕಥೆಯ ಸಾರಾಂಶವನ್ನು ಮೊಬೈಲಿನಲ್ಲಿ ನೋಡಿ ಬರೆದಿದ್ದಳಂತೆ. ಗುಡಿಸಲು ಕಟ್ಟಿದವರು ನಾವು, ಸಾರಾಂಶವನ್ನು ಬರೆದುಕೊಟ್ಟದ್ದು ಯಂತ್ರ. ಪುಸ್ತಕವನ್ನು ಓದಿದವರು ಯಾರೂ ಇಲ್ಲ! ಇದು ನಮ್ಮ ಮನೆಯೊಂದರ ಕಥೆಯಲ್ಲವೆಂದು ನಾವು ಬಲ್ಲೆವು.

ಆದಕಾರಣ ನಮ್ಮ ಅಭಿಪ್ರಾಯವನ್ನು ಒಂದೇ ಮಾತಿನಲ್ಲಿ ಹೇಳುವದಾದರೆ ಹೀಗೆ: ಕಾದಂಬರಿಯ ಮನೆಗೆಲಸವು ಮಗುವನ್ನು ಪುಸ್ತಕದೊಳಕ್ಕೆ ಹಿಂದಿರುಗಿಸಬೇಕು, ಮತ್ತು ಪುಸ್ತಕದಿಂದ ಮನೆಯ ಹಿರಿಯರ ಬಳಿಗೆ ಕರೆದುಕೊಂಡು ಹೋಗಬೇಕು. ಈ ಎರಡನ್ನೂ ಮಾಡದ ಕೆಲಸವು ಎಷ್ಟು ಅಂದವಾಗಿದ್ದರೂ ಅಲಂಕಾರವೇ ಹೊರತು ಪಾಠವಲ್ಲ.

‘ಚೋಮನ ದುಡಿ’ 1933ರಲ್ಲಿ ಪ್ರಕಟವಾದ ಚಿಕ್ಕ ಪುಸ್ತಕ. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಸ್ಪೃಶ್ಯನೆನಿಸಿದ ಚೋಮನಿಗೆ ಒಂದೇ ಆಸೆ: ತಾನೂ ಒಂದು ತುಂಡು ಭೂಮಿಯನ್ನು ಗೇಣಿಗೆ ಪಡೆದು ಉಳಬೇಕು. ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಜಾತಿಯ ಕಾರಣದಿಂದ ಭೂಮಿ ಮಾತ್ರ ಸಿಕ್ಕುವದಿಲ್ಲ. ಕಾಫಿ ತೋಟದ ಸಾಲವು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಳ್ಳುತ್ತದೆ. ಕಡೆಗೆ ದುಡಿಯೊಂದೇ ಅವನ ಸಂಗಡ ಉಳಿಯುತ್ತದೆ. ಇಷ್ಟು ಕಥೆಯನ್ನು ಇಟ್ಟುಕೊಂಡು ಮನೆಯಲ್ಲಿ ಏನೇನು ಮಾಡಬಹುದೆಂಬದನ್ನು, ನಾವು ಆಮೇಲೆ ಮಾಡಿ ನೋಡಿದ್ದರಿಂದ ಹೇಳುತ್ತೇವೆ.

ಎಲ್ಲಕ್ಕಿಂತ ಮೊದಲು ಗಟ್ಟಿಯಾಗಿ ಓದುವದು. ನಮ್ಮ ಅನೇಕ ಮನೆಗಳಲ್ಲಿ ಸಂಜೆಯ ಪ್ರಾರ್ಥನೆಗೆ ಎಲ್ಲರೂ ಕೂಡುವ ಪದ್ಧತಿ ಇನ್ನೂ ಇದೆ. ಪ್ರಾರ್ಥನೆ ಮುಗಿದ ಮೇಲೆ ಕಾಲು ಗಂಟೆ ಹುಡುಗಿಯು ಓದಲಿ, ಅಜ್ಜಿಯೂ ತಂದೆಯೂ ಕೇಳಲಿ. ಪ್ರಕರಣವು ಮುಗಿಯುವ ಮೊದಲೇ ನಿಲ್ಲಿಸಿ, ಮುಂದೆ ಏನಾದೀತೆಂದು ಒಬ್ಬೊಬ್ಬರೂ ಹೇಳಲಿ. ಮರುದಿನ ಪುಸ್ತಕವನ್ನು ತೆರೆಯಲು ಮಗುವನ್ನು ಯಾರೂ ಒತ್ತಾಯಿಸಬೇಕಾಗುವದಿಲ್ಲ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಎರಡನೆಯದು ಲೆಕ್ಕದ ಪುಸ್ತಕ. ಚೋಮನ ಸಾಲವು ಯಾಕೆ ತೀರಲಿಲ್ಲವೆಂದು ಹುಡುಗಿಯೇ ಲೆಕ್ಕ ಹಾಕಿ ನೋಡಲಿ. ಅಂಕಿಗಳು ನಾವು ಊಹಿಸಿಕೊಂಡವು, ಪುಸ್ತಕದವಲ್ಲ. ಸಾಲ 20 ರೂಪಾಯಿ ಎಂದಿಟ್ಟುಕೊಳ್ಳಿರಿ. ಕೂಲಿ ದಿನಕ್ಕೆ 4 ಆಣೆ. ತಿಂಗಳಿಗೆ 26 ದಿನ ದುಡಿದರೆ 104 ಆಣೆ. ಅಕ್ಕಿ ಉಪ್ಪುಗಳಿಗೆಂದು ದಿನಕ್ಕೆ 3 ಆಣೆಯಂತೆ 30 ದಿನಕ್ಕೆ 90 ಆಣೆಯನ್ನು ತೋಟದವರು ಹಿಡಿದುಕೊಂಡರೆ ಉಳಿಯುವದು 14 ಆಣೆ. 16 ಆಣೆಗೆ ಒಂದು ರೂಪಾಯಿಯಂತೆ 20 ರೂಪಾಯಿಗೆ 320 ಆಣೆ. ಬಡ್ಡಿಯೇ ಇಲ್ಲದಿದ್ದರೂ ಸಾಲ ತೀರಲು 23 ತಿಂಗಳು ಬೇಕು! ಒಂದು ತಿಂಗಳಲ್ಲಿ ಹತ್ತು ದಿನ ಜ್ವರ ಬಂದು ಮಲಗಿದರೆ 40 ಆಣೆ ತಪ್ಪಿಹೋಗಿ, ಸಾಲವು 26 ಆಣೆಯಷ್ಟು ಬೆಳೆಯುತ್ತದೆ. ಈ ಲೆಕ್ಕವನ್ನು ತನ್ನ ಕೈಯಿಂದಲೇ ಮಾಡಿದ ಮಗುವು ಚೋಮನನ್ನು ಸೋಮಾರಿಯೆಂದಾಗಲಿ ದಡ್ಡನೆಂದಾಗಲಿ ಎಂದಿಗೂ ಕರೆಯಲಾರದು. ಜೀತಪದ್ಧತಿಯನ್ನು 1976ರ ಕಾನೂನು ಯಾಕೆ ರದ್ದುಮಾಡಬೇಕಾಯಿತೆಂಬದೂ ಅದಕ್ಕೆ ತಿಳಿಯುವದು.

ಮೂರನೆಯದು ನಕ್ಷೆ. ಬಣ್ಣದ ಗುಡಿಸಲಿನ ಬದಲಾಗಿ ಒಂದು ಹಾಳೆಯಲ್ಲಿ ಚೋಮನ ಬಿಡಾರ, ಧಣಿಯಾದ ಸಂಕಪ್ಪಯ್ಯನ ಮನೆ, ಅಂಗಳ, ಗದ್ದೆ, ಹೊಳೆ, ಕಾಡುದಾರಿ ಇವುಗಳನ್ನು ಬರೆಯಿಸಿರಿ. ಅನಂತರ ಒಂದು ಕೆಂಪು ಗೆರೆಯನ್ನು ಎಳೆಯಲು ಹೇಳಿರಿ: ಚೋಮನು ಎಲ್ಲಿಯವರೆಗೆ ಬರಬಹುದು, ಎಲ್ಲಿ ನಿಲ್ಲಬೇಕು? ಗೆರೆಯನ್ನು ಎಳೆಯಬೇಕಾದರೆ ಪುಸ್ತಕವನ್ನು ಮತ್ತೆ ಓದಲೇಬೇಕಾಗುತ್ತದೆ.

ನಾಲ್ಕನೆಯದು ಮಾತುಗಳ ಪಟ್ಟಿ. ಗೇಣಿ, ಒಕ್ಕಲು, ಧಣಿ, ದುಡಿ ಮೊದಲಾದ ಶಬ್ದಗಳನ್ನು ಹುಡುಗಿಯು ಬರೆದುಕೊಂಡು, ಮೊದಲು ಮನೆಯ ಹಿರಿಯರನ್ನು ಕೇಳಲಿ, ಆಮೇಲೆ ಕಿಟ್ಟೆಲರ ನಿಘಂಟನ್ನು ನೋಡಲಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಆ ಗ್ರಂಥವು ಮಿಶನಿನವರು ಕನ್ನಡಕ್ಕೆ ಕೊಟ್ಟ ಕಾಣಿಕೆಗಳಲ್ಲಿ ಒಂದು. ಅದು ನಮ್ಮ ಶಾಲೆಗಳ ಕಪಾಟುಗಳಲ್ಲಿ ಧೂಳು ಹಿಡಿಯುವದು ನಮಗೆ ಶೋಭೆಯಲ್ಲ. ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳನ್ನು ಕೇಳಿದರೆ ಅಜ್ಜಂದಿರು ನಿಘಂಟಿಗಿಂತ ಹೆಚ್ಚು ಹೇಳುವರು. 1974ರಲ್ಲಿ ಭೂಸುಧಾರಣೆಯ ಕಾನೂನು ತಿದ್ದುಪಡಿಯಾದಾಗ ಯಾರಿಗೆ ಭೂಮಿ ಬಂತು, ಯಾರಿಗೆ ಹೋಯಿತು, ಯಾರಿಗೆ ಬರಲೇ ಇಲ್ಲ ಎಂಬದೂ ಅದರಿಂದಲೇ ಹೊರಡುವದು.

ಐದನೆಯದನ್ನು ಹೆಣ್ಣುಮಕ್ಕಳ ಶಾಲೆಯವರಾದ ನಾವು ವಿಶೇಷವಾಗಿ ಗಮನಿಸಬೇಕು. ಚೋಮನ ಮಗಳಾದ ಬೆಳ್ಳಿಯ ದಿನಚರಿಯನ್ನು ಬರೆಯಿರಿ ಎಂದು ಹೇಳುವದುಂಟು. ಆದರೆ ಬೆಳ್ಳಿಗೆ ಬರೆಯಲು ಬರುತ್ತಿತ್ತೇ? ಆ ಪ್ರಶ್ನೆಯನ್ನೇ ಹುಡುಗಿಯ ಮುಂದಿಡಿರಿ. ಬೆಳ್ಳಿಯು ತಂದೆಗೆ ತೋಟದಿಂದ ಒಂದು ಕಾಗದವನ್ನು ಕಳುಹಿಸಬೇಕಾದರೆ ಅದನ್ನು ಬರೆದುಕೊಡುವವರು ಯಾರು? ತೋಟದಲ್ಲಿ ಲೇಖಣಿಯನ್ನು ಹಿಡಿದವನು ರೈಟರನಾದ ಮನ್ವೇಲ. ಬೆಳ್ಳಿಯು ಯಾರ ಬಲೆಗೆ ಬಿದ್ದಳೋ ಅವನ ಕೈಯಿಂದಲೇ ತನ್ನ ದುಃಖವನ್ನು ಬರೆಯಿಸಬೇಕಾಗಿತ್ತು! ಇದನ್ನು ಯೋಚಿಸಿದ ಮೇಲೆ ನಮ್ಮ ಮಗಳು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವಳು ಕಾಗದವನ್ನೇ ಕಳುಹಿಸುತ್ತಿರಲಿಲ್ಲ, ಅಮ್ಮಾ” ಎಂದಳು. ಹೆಣ್ಣುಮಕ್ಕಳಿಗೆ ಅಕ್ಷರ ಯಾಕೆ ಎಂಬದಕ್ಕೆ ಇದಕ್ಕಿಂತ ಉತ್ತಮವಾದ ಉತ್ತರವನ್ನು ವಾರ್ಷಿಕೋತ್ಸವದ ಭಾಷಣಗಳಲ್ಲಿಯೂ ನಾವು ಕೇಳಿದ್ದಿಲ್ಲ.

ಇನ್ನು ಆಕ್ಷೇಪಗಳಿಗೆ ಬರೋಣ. ಮಿಶನ್ ಶಾಲೆಯ ಹುಡುಗಿಯರಿಗೆ ಈ ಪುಸ್ತಕವು ತಕ್ಕದ್ದೇ ಎಂದು ಕೆಲವರು ಕೇಳಿದ್ದಾರೆ. ಚೋಮನ ಮಗ ಗುರುವನು ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಮತಾಂತರ ಹೊಂದುತ್ತಾನೆ. ಚೋಮನು ತಾನೂ ಆ ದಾರಿಯನ್ನು ಹಿಡಿದರೆ ಭೂಮಿ ಸಿಕ್ಕೀತೆಂದು ಯೋಚಿಸುತ್ತಾನೆ. ಆದರೆ ಕುಲದ ಭೂತವಾದ ಪಂಜುರ್ಲಿಯನ್ನು ಬಿಡಲಾರದೆ ಹಿಂದಿರುಗುತ್ತಾನೆ. ಬೆಳ್ಳಿಯನ್ನು ಮರುಳುಮಾಡುವ ಮನ್ವೇಲನೂ ಕ್ರೈಸ್ತನೇ. ಇವೆಲ್ಲವನ್ನು ಮಕ್ಕಳಿಂದ ಮರೆಮಾಡಬೇಕೆಂಬದು ಆಕ್ಷೇಪಣೆ. ನಮ್ಮ ಉತ್ತರವು ಇಷ್ಟೆ: ನಮ್ಮವರನ್ನು ಒಳ್ಳೆಯವರೆಂದು ಹೇಳುವ ಪುಸ್ತಕಗಳನ್ನು ಮಾತ್ರ ಓದಿದ ಮಗುವು ನಮ್ಮಲ್ಲಿಯ ಕೆಟ್ಟದ್ದನ್ನು ತಿದ್ದಲು ಎಂದು ಕಲಿಯುವದು? ಭೂಮಿಗಾಗಿ ದೇವರನ್ನು ಬದಲಿಸಬೇಕಾಗಿ ಬರುವ ಮನುಷ್ಯನ ಸಂಕಟವನ್ನು ತಿಳಿಯುವದರಿಂದ ಯಾರ ವಿಶ್ವಾಸಕ್ಕೂ ಕುಂದು ಬಾರದು. ಬೆಳ್ಳಿಗಾದ ಅನ್ಯಾಯವನ್ನು ಹದಿನಾಲ್ಕು ವರುಷದ ಮಗಳಿಗೆ ತಾಯಿಯೇ ಮೆಲ್ಲಗೆ ಹೇಳಲಿ. ಬೀದಿಯಲ್ಲಿ ಕೇಳುವದಕ್ಕಿಂತ ಅಡಿಗೆಮನೆಯಲ್ಲಿ ಕೇಳುವದು ಲೇಸು.

ನಮ್ಮ ಗುರುವಾದ ಯೇಸುಸ್ವಾಮಿಯು ಹೇಗೆ ಕಲಿಸಿದನೆಂದು ನೆನಪು ಮಾಡಿಕೊಳ್ಳೋಣ. ಸಾಮ್ಯಗಳನ್ನು ಹೇಳಿದನು. ಒಳ್ಳೆಯ ಸಮಾರ್ಯದವನ ಕಥೆಯು ನೆರೆಯವನು ಯಾರೆಂಬ ಪ್ರಶ್ನೆಯಿಂದ ಹುಟ್ಟಿತು. ಅದನ್ನು ಹೇಳಿ ಮುಗಿಸಿದ ಮೇಲೆ ಕೇಳಿದವನಿಗೇ ತಿರುಗಿ ಪ್ರಶ್ನೆಯನ್ನು ಹಾಕಿದನು. ಉತ್ತರವನ್ನು ಹೇಳಬೇಕಾದವನು ಕೇಳಿದವನೇ. ಚೋಮನ ಮಗ ನೀಲನು ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದ ಜಾತಿಯವನೆಂದು ಅಲ್ಲಿದ್ದವರು ಅವನಿಗೆ ಕೈಕೊಡದೆ ಹೋದ ಪ್ರಕರಣವನ್ನು ಓದಿದ ದಿನ, ಆ ಸಾಮ್ಯವನ್ನೂ ಅದೇ ಸಂಜೆ ಮನೆಯಲ್ಲಿ ಓದಿರಿ. ಬೇರೆ ವ್ಯಾಖ್ಯಾನವೇನೂ ಬೇಡ. ಎರಡು ಕಥೆಗಳಲ್ಲಿ ದಾಟಿಹೋದವರು ಯಾರಾರು ಎಂದು ಮಗುವೇ ಬರೆಯಲಿ.

ಎರಡು ಎಚ್ಚರಿಕೆಗಳನ್ನು ಹೇಳದೆ ಮುಗಿಸಲಾರೆವು. ಮೊದಲನೆಯದು, ವೇಷದ ವಿಷಯ. ಮುಖಕ್ಕೆ ಮಸಿ ಬಳಿದು, ಹರಕು ಬಟ್ಟೆಯನ್ನು ಉಡಿಸಿ ಮಕ್ಕಳನ್ನು ಚೋಮನನ್ನಾಗಿ ಮಾಡಿ ನಗಿಸುವದು ಕೂಡದು. ತರಗತಿಯಲ್ಲಿ ಚೋಮನ ವಂಶದವರೇ ಆದ ಹುಡುಗಿಯರು ಕುಳಿತಿರುವರು. ಅವರ ಅಜ್ಜಂದಿರ ಬಾಳು ಇತರರಿಗೆ ವಿನೋದದ ವೇಷವಾಗಬಾರದು. ಪುಸ್ತಕದಲ್ಲಿ ಬರುವ ಜಾತಿಯ ಹೆಸರುಗಳೂ ಹಾಗೆಯೇ. ಆಗ ಜನರು ಆಡಿದ್ದನ್ನು ಕಾರಂತರು ಬರೆದರು, ನಾವು ಇಂದು ಒಬ್ಬರನ್ನು ಹಾಗೆ ಕರೆಯುವದು ಪಾಪವೂ ಅಪರಾಧವೂ ಆಗಿದೆ.

ಎರಡನೆಯದು, ಮನೆಯ ಉತ್ತರಗಳ ವಿಷಯ. ಈ ಕಾದಂಬರಿಯನ್ನು ಓದಿದ ಹುಡುಗಿಯು ಒಂದು ದಿನ ಕೇಳಿಯೇ ಕೇಳುತ್ತಾಳೆ: “ಅಜ್ಜೀ, ನಮ್ಮವರು ಆ ಅಂಗಳದಲ್ಲಿ ಎಲ್ಲಿ ನಿಂತಿದ್ದರು? ಚಾವಡಿಯ ಮೇಲೋ, ಗೆರೆಯ ಆಚೆಯೋ?” ನಮ್ಮ ಶಾಲೆಯಲ್ಲಿ ಧಣಿಗಳ ಮನೆಯವರೂ ಒಕ್ಕಲುಗಳ ಮನೆಯವರೂ ಚೋಮನ ಮನೆಯವರೂ ಒಂದೇ ಬೆಂಚಿನ ಮೇಲೆ ಕುಳಿತು ಕಲಿತಿದ್ದಾರೆ. ಕೆಲವು ಅಜ್ಜಿಯರು ಸುಮ್ಮನಾಗುವರು, ಕೆಲವರು ಅಳುವರು. ಉತ್ತರವನ್ನು ಹುಡುಗಿಯು ಪುಸ್ತಕದಲ್ಲಿ ಬರೆದುಕೊಳ್ಳಲಿ. ಆದರೆ ಮನೆಯವರ ಒಪ್ಪಿಗೆಯಿಲ್ಲದೆ ಅದನ್ನು ತರಗತಿಯಲ್ಲಿ ಯಾರೂ ಓದಿಸಬಾರದು, ಅದಕ್ಕೆ ಗುಣಾಂಕವನ್ನೂ ಕೊಡಬಾರದು. ಉಪಾಧ್ಯಾಯಿನಿಯರಲ್ಲಿ ಇದು ನಮ್ಮ ವಿನಂತಿ. ತಾಯಿತಂದೆಗಳಲ್ಲಿಯೂ ಒಂದು ವಿನಂತಿ: ಉತ್ತರವು ಕಹಿಯಾದರೂ ಸುಳ್ಳು ಹೇಳಬೇಡಿರಿ. ಅಸ್ಪೃಶ್ಯತೆಯನ್ನು 1950ರಲ್ಲಿ ಜಾರಿಗೆ ಬಂದ ಸಂವಿಧಾನವು ರದ್ದುಮಾಡಿತು. ಮನಸ್ಸಿನಿಂದ ಅದು ಇನ್ನೂ ಪೂರ್ತಿಯಾಗಿ ಹೊರಟುಹೋಗಿಲ್ಲ, ನಮ್ಮ ಕ್ರೈಸ್ತ ಸಭೆಗಳಿಂದಲೂ ಹೋಗಿಲ್ಲ. ಮದುವೆಯ ಮಾತು ಬಂದಾಗ ಅದು ಹೊರಗೆ ಕಾಣುತ್ತದೆ.

ಇದರಿಂದ ಪರೀಕ್ಷೆಗೆ ಏನು ಪ್ರಯೋಜನವೆಂದು ಕೇಳುವವರಿಗೆ, ಪುಸ್ತಕವನ್ನು ನಿಜವಾಗಿ ಓದಿದವಳಿಗೆ ಉತ್ತರಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲವೆಂದಷ್ಟೇ ಹೇಳುತ್ತೇವೆ. ಕಾರಂತರು ಕಾದಂಬರಿಕಾರರು ಮಾತ್ರವಲ್ಲ. ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಬರೆದವರು, ಪುತ್ತೂರಿನ ಬಾಲವನದಲ್ಲಿ ಶಿಕ್ಷಣದ ಹೊಸ ಪ್ರಯೋಗಗಳನ್ನು ನಡಿಸಿದವರು. ಅವರ ಪುಸ್ತಕವನ್ನು ಬಾಯಿಪಾಠದಿಂದ ಮುಗಿಸುವದು ಅವರಿಗೆ ಸಲ್ಲಿಸುವ ಮರ್ಯಾದೆಯಲ್ಲ.

ಬೆಲೆಬಾಳುವ ಸಾಮಾನು ಬೇಡ, ಹೆಚ್ಚಿನ ವಿದ್ಯೆಯೂ ಬೇಡ. ಓದು ಬಾರದ ತಾಯಿಯೂ ಕೇಳಬಲ್ಲಳು. ಕೇಳುವ ತಾಯಿಯಿದ್ದರೆ ಓದುವ ಮಗಳು ಇರುವಳು. ವಾರಕ್ಕೆ ಒಂದು ಸಂಜೆ, ಒಂದು ಪುಸ್ತಕ, ಸುತ್ತಲೂ ಮನೆಮಂದಿ. ಇಷ್ಟನ್ನು ಕೊಡುವದು ನಮ್ಮಿಂದಾಗದೇ? ನಮ್ಮ ಮನೆಯ ಆ ಥರ್ಮೋಕೋಲಿನ ಗುಡಿಸಲನ್ನು ಕಳೆದ ಮಳೆಗಾಲದಲ್ಲಿ ಇಲಿಗಳು ಕಡಿದುಹಾಕಿದವು. ಲೆಕ್ಕದ ಪುಸ್ತಕವೂ ಕೆಂಪು ಗೆರೆಯ ನಕ್ಷೆಯೂ ಮಗಳ ಪೆಟ್ಟಿಗೆಯಲ್ಲಿ ಇನ್ನೂ ಇವೆ. ನಮ್ಮ ಸಹೋದರಿಯರೆಲ್ಲರೂ ತಮ್ಮ ತಮ್ಮ ಮನೆಗಳಲ್ಲಿ ಇದನ್ನು ಪ್ರಾರಂಭಿಸಿ, ಕಂಡುಕೊಂಡದ್ದನ್ನು ಮುಂದಿನ ಸಂಚಿಕೆಗೆ ಬರೆದು ತಿಳಿಸಬೇಕೆಂದು ಬೇಡಿಕೊಳ್ಳುತ್ತೇವೆ.